ಎಂಬತ್ತಾರನೇ ಟಿಪ್ಪಣಿ

ನಾನು ಏಳನೇ ತರಗತಿಗೇ ಶಾಲೆ ಬಿಟ್ಟದ್ದು ನಮ್ಮ ಮೇಷ್ಟರ ಕಿವಿಯ ದೆಸೆಯಿಂದ.

ನಮ್ಮ ಊರಿನಲ್ಲಿ ಆಡಬೇಕಾದ ಮಾತನ್ನು ಯಾರಾದರೂ ಅರ್ಧಕ್ಕೆ ನುಂಗಿಕೊಂಡರೆ, ಯಾರಿಗೆ ಹೇಳಬೇಕಿತ್ತೋ ಅವರ ಬಲಗಿವಿಯ ಮೇಲ್ತುದಿಯಲ್ಲಿ ಒಂದು ಸಂಖ್ಯೆ ಮೂಡುತ್ತದೆ. ಜೀರಿಗೆ ಕಾಳಿನಷ್ಟು ಸಣ್ಣದು, ಮುಟ್ಟಿದರೆ ಬೆರಳಿಗೆ ಸಿಗುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ನುಂಗಿದ ಮಾತು ಟಿಪ್ಪಣಿಯಾಗಿ ಕಚೇರಿಯ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತದೆ. ನುಂಗಿದವರಿಗೆ ಮಾತ್ರ ಅದು ಆ ಕ್ಷಣಕ್ಕೇ ಮರೆತುಹೋಗುತ್ತದೆ. ಮೇಷ್ಟರು ಪ್ರಶ್ನೆ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರುತ್ತಿತ್ತು. ಎದ್ದು ನಿಂತು "ಅದು ಸಾರ್..." ಎನ್ನುವಷ್ಟರಲ್ಲಿ ನಲವತ್ತು ತಲೆಗಳು ನನ್ನ ಕಡೆ ತಿರುಗುತ್ತಿದ್ದವು. ಉತ್ತರ ಗಂಟಲಿನಿಂದ ಕೆಳಗೆ ಇಳಿದುಹೋಗುತ್ತಿತ್ತು. ಮೇಷ್ಟರು ಕಿವಿ ಮುಟ್ಟಿಕೊಂಡು "ಮತ್ತೊಂದಾ?" ಎನ್ನುತ್ತಿದ್ದರು.

ಪಾಪ, ಒಳ್ಳೆಯವರು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಕಚೇರಿಗೆ ಹೋಗಿ, ನನ್ನ ಉತ್ತರಗಳನ್ನೆಲ್ಲ ಓದಿಸಿಕೊಂಡು ಬಂದು ಅಂಕ ಕೊಡುತ್ತಿದ್ದರು. ಆದರೆ ಅವರ ಕಿವಿಯ ತುದಿಯಲ್ಲಿ ಜಾಗ ಮುಗಿದು ಸಂಖ್ಯೆಗಳು ಹಿಂಭಾಗಕ್ಕೂ ಇಳಿದಾಗ, ಸಂತೆಯಲ್ಲಿ ಜನ "ಏನು ಮೇಷ್ಟ್ರೇ, ಕಿವೀಲಿ ಮಗ್ಗಿ ಬರೆಸ್ಕೊಂಡೀರಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಬಾಯಿ ತೆರೆಯದಿದ್ದರೆ ಯಾರ ಕಿವಿಗೂ ತೊಂದರೆಯಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಹದಿನಾಲ್ಕು ತುಂಬಿದಾಗ ಅಪ್ಪ ನನ್ನನ್ನು ಆ ಕಚೇರಿಗೇ ಸೇರಿಸಿದ. ಕಸ ಗುಡಿಸುವುದು, ಹೂಜಿಗೆ ನೀರು ತುಂಬುವುದು, ಮಧ್ಯಾಹ್ನ ಖಾನಾವಳಿಯಿಂದ ಸಾಹೇಬರ ಊಟದ ಕ್ಯಾರಿಯರ್ ತರುವುದು. ಮಾತಾಡುವ ಕೆಲಸ ಒಂದೂ ಇಲ್ಲ. ಆರು ವರ್ಷ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡಿದ್ದೇ ನೋಡಿದ್ದು. ಸುಮ್ಮನೆ ನೋಡುತ್ತ ಕುಳಿತವರಿಗೆ ಎಷ್ಟು ತಿಳಿಯುತ್ತದೆಂದು ಮಾತಾಡುವವರಿಗೆ ಗೊತ್ತಿಲ್ಲ.

ಜನ ಹೇಗೋ ಹೊಂದಿಕೊಂಡಿದ್ದಾರೆ. ಸೌತೆಕಾಯಿ ಮಾರುವ ಹೆಂಗಸು "ಕಹಿ ಇದ್ರೂ ಇರಬಹುದವ್ವ, ನಾನೇನು ಒಳಗೆ ಹೊಕ್ಕು ನೋಡೀನಾ?" ಎಂದು ಮೊದಲೇ ಎಲ್ಲ ಹೇಳಿಬಿಡುತ್ತಾಳೆ. ದೊಡ್ಡ ಮನುಷ್ಯರು ರುಮಾಲನ್ನು ಕಿವಿ ಮುಚ್ಚುವಂತೆ ಸುತ್ತುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಹುಡುಗಿಯ ಅಪ್ಪನ ಕಿವಿ ನೋಡುತ್ತಾರೆ. ಮದುವೆಗೆ ಮುಂಚೆ ಎರಡೂ ಕಡೆಯವರು ಕಚೇರಿಗೆ ಬಂದು, ತಮ್ಮ ಟಿಪ್ಪಣಿಗಳನ್ನು ಓದಿಸಿಕೊಂಡು, ಸಂಖ್ಯೆ ತೆಗೆಸಿ ಕಿವಿ ಖಾಲಿ ಮಾಡಿಕೊಳ್ಳುವುದು ಪದ್ಧತಿ. ಒಬ್ಬರದು ತೆಗೆದ ಕೂಡಲೇ ಅದರ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಕೆಳಗೆ ಇಳಿಯುತ್ತವೆ. ಆಗ ಆ ಸಂಖ್ಯೆಯವರಿಗೆಲ್ಲ ಕಿವಿ ಸಣ್ಣಗೆ ತುರಿಸುತ್ತದೆ. ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಇಪ್ಪತ್ತು ಜನ ಒಟ್ಟಿಗೆ ಕಿವಿ ಕೆರೆದುಕೊಂಡರೆ ಹೊರ ಊರಿನವರು ಹೆದರುತ್ತಾರೆ. ನಮ್ಮವರು "ಯಾರದೋ ಖಾಲಿ ಆತು ನೋಡು" ಎಂದು ಮಾತು ಮುಂದುವರಿಸುತ್ತಾರೆ.

ನಮ್ಮ ಸಾಹೇಬರ ಹೆಸರು ಕರಿಸಿದ್ದಪ್ಪ. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಮೊದಲು ಕಚೇರಿಯಲ್ಲಿ ದಪ್ಪ ರಿಜಿಸ್ಟರ್ ಇತ್ತು. ನಾಲ್ಕು ವರ್ಷದ ಹಿಂದೆ ಅದು ಕಂಪ್ಯೂಟರ್ ಆಯಿತು. ಆದರೆ ಸಾಹೇಬರು ಇನ್ನೂ ಮೌಸಿನ ಗಾಲಿ ತಿರುಗಿಸುವ ಮುಂಚೆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾರೆ. ಕಡತದಲ್ಲಿ ಮೇಲೆಲ್ಲ ಆಡಿದ ಮಾತುಗಳು: ಯಾರು ಯಾರಿಗೆ ಏನೆಂದರು ಎಂದು ಸಾಲುಸಾಲಾಗಿ, ಪ್ರತಿ ಸಾಲಿನ ಕೊನೆಗೆ ತಲೆಯೆತ್ತಿ ನಿಂತ ಒಂದು ಪುಟ್ಟ ಸಂಖ್ಯೆ. ನುಂಗಿದ ಮಾತುಗಳು, ಅಂದರೆ ಟಿಪ್ಪಣಿಗಳು, ಕಡತದ ಕೊನೆಯಲ್ಲಿ ಒಟ್ಟಾಗಿ ಇರುತ್ತವೆ. ಒಂದು ಟಿಪ್ಪಣಿ ಓದಬೇಕೆಂದರೆ ಸಾಹೇಬರು ಮೇಲಿನ ಸಾಲು ಹುಡುಕಿ, ಗಾಲಿ ತಿರುಗಿಸುತ್ತ ತಿರುಗಿಸುತ್ತ ಕೆಳಗೆ ಇಳಿದು, ಓದಿ, ಮತ್ತೆ ಗಾಲಿ ತಿರುಗಿಸುತ್ತ ಮೇಲೆ ಹತ್ತಿ ಬರುತ್ತಿದ್ದರು. ಇಳಿಯಲು ಹತ್ತು ನಿಮಿಷ, ಹತ್ತಲು ಹದಿನೈದು.

ಕಂಪ್ಯೂಟರ್ ತಂದ ದಿನ ಅದನ್ನು ಕಲಿಸಲು ಪಕ್ಕದ ಊರಿನಿಂದ ಒಬ್ಬ ಹೆಂಗಸು ಬಂದಿದ್ದಳು. ಅವಳು ಹೇಳಿದ್ದು ಮೂರೇ ವಿಷಯ. ಸಂಖ್ಯೆಯ ಮೇಲೆ ಎರಡು ಸಲ ಒತ್ತಿದರೆ ಟಿಪ್ಪಣಿಗೆ ಹೋಗುತ್ತೀರಿ, ಟಿಪ್ಪಣಿಯ ತಲೆಯ ಮೇಲಿನ ಸಂಖ್ಯೆಗೆ ಎರಡು ಸಲ ಒತ್ತಿದರೆ ಹೊರಟ ಜಾಗಕ್ಕೇ ವಾಪಸ್ಸು ಬರುತ್ತೀರಿ. ಟಿಪ್ಪಣಿಯನ್ನು ತೆಗೆಯಬೇಕಾದರೆ ಕೆಳಗಿನ ಬರಹ ಅಳಿಸಿದರೆ ಸಾಲದು, ಮೇಲಿನ ಸಂಖ್ಯೆಯನ್ನೇ ತೆಗೆಯಬೇಕು. ತಪ್ಪಿ ಬೇರೆಯದನ್ನು ತೆಗೆದರೆ, ಮೇಲ್ಗಡೆ ಹಿಂದಕ್ಕೆ ಬಾಗಿದ ಬಾಣವೊಂದಿದೆ, ಅದನ್ನು ಒತ್ತಿದರೆ ಕೈಯಿಂದ ಮಾಡಿದ್ದೆಲ್ಲ ಒಂದೊಂದಾಗಿ ವಾಪಸ್ಸು ಬರುತ್ತದೆ. ಆದರೆ ಕಡತ ಮುಚ್ಚುವವರೆಗೆ ಮಾತ್ರ. ಸಾಹೇಬರು ಮೂರಕ್ಕೂ "ಹ್ಞೂಂ, ಹ್ಞೂಂ, ಗೊತ್ತೈತೆ" ಎಂದರು. ನಾನು ಹೂಜಿ ತುಂಬುತ್ತಿದ್ದೆ. ಮೂರೂ ನನ್ನಲ್ಲಿ ಉಳಿದವು.

ಹತ್ತಿ ಬರುವಾಗ ಸಾಹೇಬರು ಆಗಾಗ ಒಂದು ಸಾಲು ಹೆಚ್ಚುಕಮ್ಮಿ ಮಾಡಿ ಪಕ್ಕದವರ ಸಂಖ್ಯೆ ತೆಗೆದುಬಿಡುತ್ತಿದ್ದರು. ತೆಗೆಸಿಕೊಂಡವರು "ಇನ್ನೂ ಐತಲ್ಲ ಸ್ವಾಮಿ" ಎಂದರೆ "ಕೊಬ್ರಿ ಎಣ್ಣೆ ಹಚ್ಚು, ಎರಡು ದಿನಕ್ಕೆ ಉದುರ್ತೈತೆ" ಎಂದು ಕಳಿಸುತ್ತಿದ್ದರು. ಪಕ್ಕದವರಿಗೋ, ಪುಕ್ಕಟೆ ಕಿವಿ ಖಾಲಿಯಾಗುತ್ತಿತ್ತು. ಕಿವಿ ಖಾಲಿಯಾಯಿತೆಂದು ದೂರು ಕೊಡಲು ಯಾರು ಬರುತ್ತಾರೆ? ಹಾಗಾಗಿ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯುತ್ತಿತ್ತು. ಹೇಳಲು ಹೋದರೆ ಸಾಹೇಬರ ಕಿವಿಯಲ್ಲೇ ಮೂಡುತ್ತದೆಂದು ಸುಮ್ಮನಿದ್ದೆ.

ಈಗ ಶಿವಗಂಗಮ್ಮನ ವಿಷಯ. ಕಚೇರಿಯ ಬೀದಿಯ ತುದಿಯಲ್ಲಿ ಖಾನಾವಳಿ ನಡೆಸುವವಳು ಅವಳು. ನಲವತ್ತರ ಹತ್ತಿರ ವಯಸ್ಸು, ಗಂಡ ತೀರಿ ಹನ್ನೆರಡು ವರ್ಷ. ದೊಡ್ಡ ಕೈ, ದೊಡ್ಡ ದನಿ. ಅವಳ ಸಾರಿಗೆ ಬಸ್ಸಿನ ಡ್ರೈವರುಗಳು ಬಸ್ಸು ನಿಲ್ಲಿಸಿ ಬರುತ್ತಾರೆ. ಅಲ್ಲಿಗೆ ದಿನವೂ ಒಂದು ಗಂಟೆಗೆ ಬೀಗ ರಿಪೇರಿಯ ರುದ್ರಮುನಿ ಬರುತ್ತಾನೆ. ಅವನ ಹೆಂಡತಿ ತೀರಿಯೂ ಬಹಳ ವರ್ಷವಾಯಿತು. ಮೂಲೆಯ ಮೇಜಿನಲ್ಲಿ ಕುಳಿತು ಅರ್ಧ ತಟ್ಟೆ ಉಂಡು, ಇನ್ನರ್ಧ ಬಿಟ್ಟು, "ಚೆನ್ನಾಗಿತ್ತು, ನಾಳೆ ಬರ್ತೀನಿ" ಎಂದು ಎದ್ದು ಹೋಗುತ್ತಾನೆ. ಬಾಗಿಲಲ್ಲಿ ಬರುವಾಗಲೇ ತೇಗುತ್ತಾನೆ. ಅವನಿಗೆ ಅಜೀರ್ಣವಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು.

ಎರಡು ವರ್ಷದ ಹಿಂದೆ ಒಂದು ದಿನ ಅವನು "ನಾಳೆ ಬರ್ತೀನಿ..." ಎಂದು ಹೊಸ್ತಿಲಲ್ಲಿ ತಡೆದು ನಿಂತ. ಮತ್ತೇನೂ ಹೇಳದೆ ಹೋದ. ಶಿವಗಂಗಮ್ಮನ ಕಿವಿಯಲ್ಲಿ ಸಂಖ್ಯೆ ಮೂಡಿತು. ಮೂಡಿದಾಗ ಇನ್ನೂರ ನಲವತ್ತು. ಅದಕ್ಕಿಂತ ಹಳೆಯವರು ಖಾಲಿ ಮಾಡಿಕೊಂಡ ಹಾಗೆಲ್ಲ ಇಳಿದು ಇಳಿದು ಎಂಬತ್ತಾರಕ್ಕೆ ಬಂದಿತ್ತು. ಅವಳು ಓದಿಸಿಕೊಳ್ಳಲು ಬರಲಿಲ್ಲ. ಯಾಕೆಂದು ನಾನು ಕ್ಯಾರಿಯರ್ ತುಂಬಿಸಿಕೊಳ್ಳುವಾಗ ಒಮ್ಮೆ ತಾನಾಗಿಯೇ ಹೇಳಿದಳು. ಮಾತಾಡದವರ ಹತ್ತಿರ ಜನ ಎಲ್ಲ ಹೇಳುತ್ತಾರೆ.

"ಅರ್ಧ ತಟ್ಟೆ ಬಿಡ್ತಾನೆ ದಾಕ್ಷಿ, ದಿನಾ. ಊರೆಲ್ಲ ನನ್ನ ಸಾರು ನೆಕ್ಕಿ ಹೋಗ್ತೈತೆ, ಅವನೊಬ್ಬ ಬಿಡ್ತಾನೆ. ಆ ಟಿಪ್ಪಣೀಲಿ 'ಸಾರು ನೀರು' ಅಂತ ಇದ್ರೆ ಮಾರನೇ ದಿನ ಯಾವ ಮುಖ ಇಟ್ಕೊಂಡು ಬಡಿಸ್ಲಿ? ಗೊತ್ತಿಲ್ದೆ ಇರೋದೇ ಚಂದ." ಹೇಳಿ, ಕ್ಯಾರಿಯರಿನ ಮುಚ್ಚಳ ಜೋರಾಗಿ ಒತ್ತಿದಳು. ಅದನ್ನು ನನ್ನ ಕೈಗೆ ಕೊಡುತ್ತ, "ಬೇರೇನಾದ್ರೂ ಇರಬಹುದು ಅಂತ ಅನ್ಕೊಂಡಿರೋದೂ ಚಂದ," ಎಂದಳು.

ಆ ಶನಿವಾರ ಬೆಳಗ್ಗೆ ಹತ್ತಕ್ಕೆ ಕ್ಷೌರದ ಸಂಗಪ್ಪ ಬಂದ. ಅವನ ಮಗಳ ಮದುವೆ ಹತ್ತಿರ ಬಂದಿತ್ತು.

"ಎಂಬತ್ತೇಳು, ಸ್ವಾಮಿ. ಬಸ್‌ಸ್ಟಾಂಡಿನ ಕಂಟ್ರೋಲರು ಅಂದಿದ್ದು. ಕನ್ನಡಿ ನೋಡ್ಕೊಂಡು 'ಚೆನ್ನಾಗಿ ಕತ್ತರಿಸಿದೀಯಪ್ಪ' ಅಂದ್ರು. ಆವಾಗ್ಲೇ ಮೂಡ್ತು."

ಸಾಹೇಬರು ಬೆರಳು ಒದ್ದೆ ಮಾಡಿಕೊಂಡು ಗಾಲಿ ತಿರುಗಿಸಿದರು. ಸಂಗಪ್ಪ ಎರಡು ಬೀಡಿಯಷ್ಟು ಹೊತ್ತು ಕಾದ. ಕೊನೆಗೆ ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು: "ಎಡಗಡೆ ಮಾತ್ರ."

"ಎಡಗಡೆ ಮಾತ್ರಾನಾ!" ಸಂಗಪ್ಪ ನಿಂತಲ್ಲೇ ಕುಣಿದ. "ಹಂಗಾದ್ರೆ ಎರಡು ವರ್ಷದಿಂದ ಬಲಗಡೇನೂ ನನ್ನ ಕೈಗೇ ಯಾಕೆ ಕೊಡ್ತಾನೆ ಆ ಮಹಾನುಭಾವ? ತೆಗೀರಿ ಸ್ವಾಮಿ, ತೆಗೀರಿ."

ಸಾಹೇಬರು ಗಾಲಿ ತಿರುಗಿಸುತ್ತ ಮೇಲೆ ಹತ್ತಿದರು. ಒಂದು ಸಾಲಿನಲ್ಲಿ ನಿಂತು, ಸಂಖ್ಯೆಯನ್ನು ಅಳಿಸಿದರು. ನಾನು ಹೂಜಿ ಇಡಲು ಅವರ ಬೆನ್ನ ಹಿಂದೆ ಹೋಗಿದ್ದೆ. ಆ ಸಾಲಿನಲ್ಲಿ ಕಂಟ್ರೋಲರ ಹೆಸರಿರಲಿಲ್ಲ. "ರುದ್ರಮುನಿ ಶಿವಗಂಗಮ್ಮನಿಗೆ: ನಾಳೆ ಬರ್ತೀನಿ" ಎಂದಿತ್ತು. ಅದರ ಕೊನೆಯಲ್ಲಿದ್ದ ಎಂಬತ್ತಾರು ಕಾಣೆಯಾಗಿತ್ತು. ಸಂಗಪ್ಪ ಕಿವಿ ಕೆರೆದುಕೊಂಡ. ಅಲ್ಲಿ ಎಂಬತ್ತೇಳು ಹೋಗಿ ಎಂಬತ್ತಾರು ಬಂದು ಕುಳಿತಿತ್ತು.

"ಇನ್ನೂ ಕೈಗೆ ಸಿಗ್ತೈತಲ್ಲ ಸ್ವಾಮಿ?"

"ಎಣ್ಣೆ ಹಚ್ಚು. ಎರಡು ದಿನ."

ಹೂಜಿಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ಈಗ ಹೇಳುತ್ತೇನೆ, ಸಂಗಪ್ಪ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಸಂಗಪ್ಪ ಹೋದ. ಅಷ್ಟರಲ್ಲಿ ಎದುರಿನ ಬಳೆ ಅಂಗಡಿಯ ಪುಷ್ಪಾವತಿ ಬಂದಳು. ಅವಳ ಅತ್ತೆ ನುಂಗಿದ್ದೊಂದು ಟಿಪ್ಪಣಿ ಓದಿಸಿ, ತೆಗೆಸಿಕೊಂಡು, ಹಾಡುತ್ತ ಹೋದಳು. ಆಮೇಲೆ ಹಾಲಿನ ಡೇರಿಯ ಕೊಟ್ರಪ್ಪ ಬಂದ. ಅವನದನ್ನೂ ಓದಿ ತೆಗೆದದ್ದಾಯಿತು. ಹೀಗೆ ಹೇಳುತ್ತೇನೆ ಹೇಳುತ್ತೇನೆ ಎನ್ನುತ್ತಲೇ ಹನ್ನೆರಡೂ ಮುಕ್ಕಾಲಾಯಿತು. ಶನಿವಾರ ಒಂದು ಗಂಟೆಗೆ ಕಚೇರಿ ಮುಚ್ಚುತ್ತದೆ.

ಶಿವಗಂಗಮ್ಮ ಸೌಟು ಹಿಡಿದುಕೊಂಡೇ ಒಳಗೆ ನುಗ್ಗಿದಳು. ತಲೆಗೆ ನೀರೆರೆದುಕೊಂಡಿದ್ದಳು, ಕೂದಲಿನಿಂದ ಇನ್ನೂ ಹನಿ ಬೀಳುತ್ತಿತ್ತು.

"ಸಾಹೇಬ್ರೇ, ನನ್ನ ಕಿವಿ ಖಾಲಿ ಆಗೈತೆ!"

"ಒಳ್ಳೇದಾತಲ್ಲವ್ವ," ಎಂದರು ಸಾಹೇಬರು, ಪೆನ್ನುಗಳನ್ನು ಡಬ್ಬಿಗೆ ಹಾಕುತ್ತ.

"ಏನು ಒಳ್ಳೇದು? ತಲೆ ಬಾಚ್ಕೊಳ್ಳೋವಾಗ ಕೈ ಹಾಕಿದ್ರೆ ಏನೂ ಇಲ್ಲ. ನಾನು ಓದಿಸಿಲ್ಲ, ತೆಗೆಸಿಲ್ಲ. ಎಲ್ಲಿಗೆ ಹೋತು ನಂದು?"

"ಎರಡು ವರ್ಷ ಓದಿಸ್ಕೊಳ್ಳೋಕೆ ಬರಲಿಲ್ಲ. ಈಗ ಹೋದ ಮೇಲೆ ಬಂದೀಯಲ್ಲ?"

"ಬಂದಿದ್ದೆ ಕಣ್ರೀ. ಪ್ರತಿ ಶನಿವಾರ ಈ ಮೆಟ್ಟಿಲವರೆಗೂ ಬಂದಿದ್ದೆ." ಅವಳ ದನಿ ಸಣ್ಣದಾಯಿತು. ಆ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಅದು ಇದ್ದಾಗ ಓದಿಸೋಕೆ ಹೆದರಿಕೆ. ಈಗ ಇಲ್ಲ ಅಂದ್ಮೇಲೆ ನೋಡ್ರಿ, ಒಲೆ ಮೇಲಿನ ಸಾರು ಬಿಟ್ಟು ಓಡಿಬಂದೀನಿ. ಸಾರು ಚೆನ್ನಾಗಿಲ್ಲ ಅಂತಿದ್ರೆ ಇರ್ಲಿ ಬಿಡ್ರಿ, ಹುಣಸೆಹಣ್ಣು ಬದಲಾಯಿಸ್ತೀನಿ. ಬೇರೇನೋ ಇದ್ರೆ?"

"ಹಂಗಾದ್ರೆ ರುದ್ರಮುನೀನೇ ಕೇಳವ್ವ."

"ನುಂಗಿದೋರಿಗೆ ನೆನಪಿರ್ತೈತಾ? ಆ ಮಾತಿಗೆ ಇರೋದು ಅದೊಂದೇ ಜಾಗ."

ಸಾಹೇಬರು ಗಡಿಯಾರ ನೋಡಿದರು. "ಸೋಮವಾರ ಬಾ, ಹುಡುಕೋಣ," ಎನ್ನುತ್ತ ಮೌಸನ್ನು ಕಡತದ ಮೂಲೆಯ ಗುಣಾಕಾರದ ಗುರುತಿನ ಕಡೆಗೆ ಒಯ್ದರು. ಅದನ್ನು ಒತ್ತಿದರೆ ಕಡತ ಮುಚ್ಚಿಹೋಗುತ್ತದೆ. ಸೋಮವಾರ ಹುಡುಕಲು ಏನೂ ಇರುವುದಿಲ್ಲ.

"ಸಾರ್, ಮುಚ್ಚಬ್ಯಾಡ್ರಿ..." ಎಂದೆ.

ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ಮಾತಾಡಿದರೆ ಹೇಗೆ ನೋಡುತ್ತಾರೋ ಹಾಗೆ. ಅಷ್ಟೇ, ಗಂಟಲಿನಲ್ಲಿದ್ದದ್ದು ಇಳಿದುಹೋಯಿತು. ಸಾಹೇಬರು ಕಿವಿ ಮುಟ್ಟಿಕೊಂಡರು. ಅಲ್ಲಿ ಮುನ್ನೂರ ಹದಿನೆಂಟು ಮೂಡಿತ್ತು. ನನ್ನ ತಲೆ ಗುಡಿಸಿದ ಅಂಗಳದಂತೆ ಖಾಲಿಯಾಗಿತ್ತು. ಏನು ಹೇಳಲು ಹೊರಟಿದ್ದೆ, ಯಾಕೆ ಮುಚ್ಚಬಾರದು, ಒಂದೂ ನೆನಪಿಲ್ಲ.

"ಏನೋ ನುಂಗಿದೆಯಲ್ಲವ್ವ ದಾಕ್ಷಿ, ಏನದು?"

"ಗೊತ್ತಿಲ್ಲ ಸಾರ್."

"ಸರಿ, ಅದನ್ನೂ ಸೋಮವಾರವೇ ಓದ್ಕೊಂತೀನಿ." ಮೌಸು ಮತ್ತೆ ಮೂಲೆಯ ಕಡೆ ಹೊರಟಿತು.

ಆಗ ನಾನು ಒಂದೇ ಒಂದು ವಿಷಯ ಯೋಚಿಸಿದೆ. ಆರು ವರ್ಷದಲ್ಲಿ ಯಾರೂ ಕೇಳದೆ ನಾನು ಬಾಯಿ ತೆರೆದಿಲ್ಲ. ಇವತ್ತು ತೆರೆದಿದ್ದೇನೆ ಎಂದರೆ ಏನೋ ಇರಲೇಬೇಕು. ನುಂಗಿದರೆ ಮಾತು ಮರೆಯುತ್ತದೆ; ಕಣ್ಣಿನಲ್ಲಿ ನೋಡಿ ಕಲಿತ ಕೈಕೆಲಸ ಮರೆಯುವುದಿಲ್ಲ. ಹೋಗಿ ಸಾಹೇಬರ ಕೈಯ ಕೆಳಗಿನಿಂದ ಮೌಸನ್ನು ಎಳೆದುಕೊಂಡೆ. ಸಾಹೇಬರು "ಹೇ ಹೇ" ಎಂದರು. ಶಿವಗಂಗಮ್ಮ ಸೌಟನ್ನು ಅಡ್ಡ ಹಿಡಿದು "ತಡೀರಿ ಸಾಹೇಬ್ರೇ, ಹುಡುಗಿ ಏನೋ ಮಾಡ್ತೈತೆ" ಎಂದಳು. ಆ ಸೌಟಿನಿಂದ ಮೇಜಿನ ಮೇಲೆ ಎರಡು ಹನಿ ಸಾರು ಬಿತ್ತು.

ಮಾತುಗಳ ಸಾಲು ಮುಗಿಯುವಲ್ಲಿ ಹೊಸ ಸಾಲಿತ್ತು: "ದಾಕ್ಷಾಯಿಣಿ ಕರಿಸಿದ್ದಪ್ಪನವರಿಗೆ: ಸಾರ್, ಮುಚ್ಚಬ್ಯಾಡ್ರಿ." ಅದರ ತುದಿಯ ಸಂಖ್ಯೆಯ ಮೇಲೆ ಎರಡು ಸಲ ಒತ್ತಿದೆ. ಗಾಲಿಯಿಲ್ಲ, ಇಳಿಯುವುದಿಲ್ಲ, ಒಮ್ಮೆಲೇ ಟಿಪ್ಪಣಿಯ ಮುಂದೆ ಇದ್ದೆವು. ಸಾಹೇಬರು ಕನ್ನಡಕ ಏರಿಸಿಕೊಂಡರು. ತಮಗೆ ಹೇಳಿದ ಮಾತು, ತಾವೇ ಓದಿದರು.

"ಬೆಳಗ್ಗೆ ನೀವು ತೆಗೆದದ್ದು ಸಂಗಪ್ಪನದಲ್ಲ ಸಾರ್, ಶಿವಗಂಗಮ್ಮನದು. ಕಡತ ಮುಚ್ಚಿದರೆ ಮತ್ತೆ ಸಿಗುವುದಿಲ್ಲ. ಹಿಂದಕ್ಕೆ ಬಾಗಿದ ಬಾಣವನ್ನು ಮೂರು ಸಲ ಒತ್ತಬೇಕು. ನನ್ನನ್ನು ಬೈಯಬೇಡಿ."

ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಣ್ಣದಾಯಿತು. "ನಾನೇ?" ಎಂದರು. ಆಮೇಲೆ, "ಇನ್ನೂ ಎಷ್ಟು ಜನರದ್ದು ಹಿಂಗೆ ಮಾಡೀನಿ?" ಎಂದರು. ನಾನು ನೆಲ ನೋಡಿದೆ. ಅವರು ಕುರ್ಚಿಯನ್ನು ಅರ್ಧ ಹಿಂದಕ್ಕೆ ಸರಿಸಿ, "ಒತ್ತವ್ವ," ಎಂದರು.

ಒಂದು ಸಲ ಒತ್ತಿದೆ. ಡೇರಿಯ ಕೊಟ್ರಪ್ಪನ ಸಂಖ್ಯೆ ವಾಪಸ್ಸು ಬಂತು. ಅವನು ಹಾಲಿನ ಕ್ಯಾನುಗಳ ನಡುವೆ ಎಲ್ಲೋ ಕಿವಿ ಕೆರೆದುಕೊಂಡಿರಬೇಕು. ಎರಡನೇ ಸಲ ಒತ್ತಿದ ಕೂಡಲೇ ಎದುರಿನ ಬಳೆ ಅಂಗಡಿಯಿಂದ ಪುಷ್ಪಾವತಿ ಕಿರುಚಿದ್ದು ಕೇಳಿಸಿತು: "ಅಯ್ಯಯ್ಯೋ, ನಮ್ಮತ್ತೆ ಮತ್ತೆ ಬಂದ್ಲು!" ಮೂರನೇ ಸಲ ಒತ್ತುವ ಮುಂಚೆ ಒಮ್ಮೆ ಶಿವಗಂಗಮ್ಮನ ಕಿವಿ ನೋಡಿದೆ. ಒತ್ತಿದೆ.

ಶಿವ‍ಗಂಗಮ್ಮ ಸೌಟು ಕೈಬಿಟ್ಟು ಕಿವಿ ಹಿಡಿದುಕೊಂಡಳು. "ಬಂತು!" ಎಂದಳು. "ಬಂತು ದಾಕ್ಷಿ, ನೋಡು, ಅದೇನಾ ನೋಡು!" ಒದ್ದೆ ಕೂದಲು ಸರಿಸಿ ತೋರಿಸಿದಳು. ಎಂಬತ್ತಾರು. ಸಾಹೇಬರೂ ಮೂರು ಸಲ ಕೆರೆದುಕೊಂಡಿದ್ದರು. ಅವರ ಮುನ್ನೂರ ಹದಿನೆಂಟು ಈಗ ಮುನ್ನೂರ ಇಪ್ಪತ್ತೊಂದಾಗಿತ್ತು.

"ಓದಿಸ್ತೀಯಾ, ಇಲ್ಲಾ ಹಂಗೇ ಇಟ್ಕೊಂತೀಯಾ?" ಎಂದರು ಸಾಹೇಬರು, ಮೆತ್ತಗೆ.

ಶಿವಗಂಗಮ್ಮ ಬಾಗಿಲ ಕಡೆ ನೋಡಿದಳು. ಪ್ರತಿ ಶನಿವಾರ ಅವಳು ತಿರುಗಿ ಹೋಗುತ್ತಿದ್ದ ಮೆಟ್ಟಿಲು ಅಲ್ಲೇ ಇತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಸಲ ಕಳ್ಕೊಂಡು ನೋಡಿದ್ದಾತು. ಸಾಕು. ನೀನೇ ಓದವ್ವ ದಾಕ್ಷಿ. ನನಗೆ ಅಕ್ಷರ ಕುಣೀತಾವೆ."

ಎಂಬತ್ತಾರರ ಮೇಲೆ ಎರಡು ಸಲ ಒತ್ತಿದೆ. ಟಿಪ್ಪಣಿ ಬಂದು ನಿಂತಿತು. ಸಾಹೇಬರು ನನ್ನನ್ನೇ ನೋಡುತ್ತಿದ್ದರು, ಶಿವಗಂಗಮ್ಮ ನನ್ನನ್ನೇ ನೋಡುತ್ತಿದ್ದಳು, ಪುಷ್ಪಾವತಿಯೂ ಜಗಳಕ್ಕೆಂದು ಬಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇದು ನನ್ನ ಮಾತಲ್ಲವಲ್ಲ, ನುಂಗಲು ನನಗೇನು ಹಕ್ಕು ಎಂದುಕೊಂಡೆ. ಏಳನೇ ತರಗತಿಯ ನಂತರ ನಾನು ಗಟ್ಟಿಯಾಗಿ ಓದಿದ ಮೊದಲ ಸಾಲು ಅದು.

"ಊಟಕ್ಕಲ್ಲ. ನಾನು ಮನೇಲಿ ಉಂಡೇ ಬಂದಿರ್ತೀನಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಪುಷ್ಪಾವತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನಗೆ ಬಾಗಿಲಲ್ಲೇ ಬರುತ್ತಿದ್ದ ಆ ತೇಗು ನೆನಪಾಯಿತು. ಶಿವಗಂಗಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು.

"ಉಂಡೇ ಬರ್ತಾನಾ?" ಎಂದಳು. "ಎರಡು ವರ್ಷ... ದಿನಾ ಎರಡೆರಡು ಊಟ? ನನ್ನ ಅನ್ನಾನ ದಂಡ ಮಾಡಿ, ಸಾರು ಕೆಟ್ಟೈತೆ ಅಂತ ನನಗೆ ನಿದ್ದೆ ಇಲ್ದಂಗೆ ಮಾಡಿ... ಆ ಬೀಗದೋನ!" ಬೈಯುತ್ತಲೇ ಅವಳ ಮುಖ ಅರಳಿಬಿಟ್ಟಿತ್ತು. ನೆಲದ ಮೇಲಿನ ಸೌಟನ್ನು ಎತ್ತಿಕೊಂಡು ಹೊರಟೇಬಿಟ್ಟಳು.

ಸಾಹೇಬರು ಗಡಿಯಾರ ನೋಡಿದರು. ಒಂದೂಕಾಲು. "ಕ್ಯಾರಿಯರ್ ಬ್ಯಾಡವ್ವ," ಎಂದರು, "ಇವತ್ತು ಅಲ್ಲೇ ಹೋಗಿ ಉಣ್ಣೋಣ. ಕಡತ ಹಂಗೇ ತೆರೆದಿರ್ಲಿ." ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ನಡೆದರು. ಪುಷ್ಪಾವತಿ ಅಂಗಡಿಯ ಬಾಗಿಲನ್ನೂ ಎಳೆದುಕೊಳ್ಳದೆ ನಮ್ಮ ಹಿಂದೆ ಬಂದಳು.

ರುದ್ರಮುನಿ ಮೂಲೆಯ ಮೇಜಿನಲ್ಲಿದ್ದ. ಕೆಲಸದ ಹುಡುಗ ಬಡಿಸಿದ್ದರಲ್ಲಿ ಅರ್ಧ ತಟ್ಟೆ ಉಂಡು, ಇನ್ನರ್ಧವನ್ನು ಬೆರಳಿನಿಂದ ಒಂದು ಬದಿಗೆ ಸರಿಸುತ್ತಿದ್ದ. ಶಿವಗಂಗಮ್ಮ ಎದುರಿಗೆ ಹೋಗಿ ಸೌಟು ಹಿಡಿದು ನಿಂತಳು. ಇಬ್ಬರು ಡ್ರೈವರುಗಳು ಉಣ್ಣುವುದನ್ನು ನಿಲ್ಲಿಸಿದರು.

"ಖರೇ ಹೇಳು. ಮನೇಲಿ ಉಂಡು ಬಂದೀಯಾ?"

ರುದ್ರಮುನಿ ತಟ್ಟೆ ನೋಡಿದ, ಸೌಟು ನೋಡಿದ. "ಹ್ಞೂಂ."

"ದಿನಾ?"

"ದಿನಾ."

"ಏನು ಉಂಡೆ ಇವತ್ತು?"

"ರೊಟ್ಟಿ. ಬದನೇಕಾಯಿ ಪಲ್ಯ."

"ಹೊಟ್ಟೆ ತುಂಬ ಉಂಡು ಮತ್ತೆ ಇಲ್ಲಿಗ್ಯಾಕೆ ಬರ್ತೀಯ?"

ಅವನು ನಿಜವಾಗಿಯೂ ಯೋಚಿಸಿದ. ಬೀಗದೊಳಗೆ ಎಲ್ಲಿ ಸಿಕ್ಕಿಕೊಂಡಿದೆಯೆಂದು ನೋಡುವವನ ಹಾಗೆ ಹಣೆ ಗಂಟು ಹಾಕಿಕೊಂಡಿದ್ದ. "ಗೊತ್ತಿಲ್ಲ ಶಿವಗಂಗಮ್ಮನೋರೇ. ಒಂದು ಗಂಟೆ ಆದ್ರೆ ಕಾಲು ಬರ್ತಾವೆ. ಯಾಕೇಂತ ನನಗೂ ತಿಳೀವಲ್ದು. ನಿಲ್ಲಿಸ್ಲಾ?"

"ನಿನಗೆ ತಿಳೀದಿದ್ರೆ ಬಿಡು, ನನಗೆ ತಿಳಿದೈತೆ." ಅವಳು ದೊಡ್ಡದಾಗಿ ಉಸಿರೆಳೆದುಕೊಂಡಳು. "ನಾಳೆಯಿಂದ ಮನೇಲಿ ಒಲೆ ಹಚ್ಚಬ್ಯಾಡ. ಇಲ್ಲೇ ಉಣ್ಣು. ಉಂಡು ಎದ್ದು ಹೋಗೋದೂ ಬ್ಯಾಡ. ಇಲ್ಲೇ ಇರು. ನನ್ನ ಮದುವೆ ಆಗು ಅಂತ ಹೇಳ್ತಿದೀನಿ, ತಿಳೀತಾ?"

ಖಾನಾವಳಿಯಲ್ಲಿದ್ದವರೆಲ್ಲರೂ ರುದ್ರಮುನಿಯ ಬಲಗಿವಿಯನ್ನು ನೋಡಿದೆವು. ಡ್ರೈವರುಗಳಲ್ಲಿ ಒಬ್ಬ ನೋಡಲೆಂದೇ ಎದ್ದು ನಿಂತ. ಕಿವಿಯ ತುದಿಯಲ್ಲಿ ಏನೂ ಇರಲಿಲ್ಲ. ಒಂದು ಚುಕ್ಕೆಯೂ ಇಲ್ಲ. ಆಡಬೇಕಾದದ್ದನ್ನೆಲ್ಲ ಅವಳು ಆಡಿ ಮುಗಿಸಿದ್ದಳು. ಕಿವಿ ಮಾತ್ರ ಬುಡದಿಂದ ತುದಿಯವರೆಗೆ ಕೆಂಪಗಾಗುತ್ತ ಬಂತು.

"ತಿಳೀತು," ಎಂದ ರುದ್ರಮುನಿ. ಬದಿಗೆ ಸರಿಸಿದ್ದ ಅನ್ನವನ್ನು ಮತ್ತೆ ನಡುವೆ ಎಳೆದುಕೊಂಡು, ತೇಗುತ್ತ ತೇಗುತ್ತ, ಒಂದು ಅಗುಳೂ ಬಿಡದೆ ಉಂಡ.

ಸಾಹೇಬರು ಊಟವಾದ ಮೇಲೆ ಕಚೇರಿಗೆ ವಾಪಸ್ಸು ಬಂದು, ಶನಿವಾರವಾದರೂ ನಾಲ್ಕರವರೆಗೆ ಕುಳಿತರು. ಸಂಗಪ್ಪನದು, ಪುಷ್ಪಾವತಿಯದು, ಕೊಟ್ರಪ್ಪನದು ಮೂರನ್ನೂ ಸರಿಯಾಗಿ ತೆಗೆದೆವು. ಹೊಸ ಸ್ಟೂಲು ತರಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಈಗ ಎಲ್ಲಿ ಒತ್ತಲಿ?" ಎಂದು ಕೇಳಿದರು. "ಸಂಖ್ಯೆಯ ಮೇಲೆ ಎರಡು ಸಲ ಒತ್ತಿ ಸಾರ್, ಬೆರಳು ಒದ್ದೆ ಮಾಡ್ಕೊಳ್ಳೋದು ಬೇಡ, ಗಾಲಿ ಮುಟ್ಟಲೇಬೇಡಿ," ಎಂದೆ. ಹೇಳಿದ ಮೇಲೆ ಓರೆಗಣ್ಣಿನಿಂದ ಅವರ ಕಿವಿ ನೋಡಿದೆ. ಮುನ್ನೂರ ಹದಿನೆಂಟರ ಪಕ್ಕದಲ್ಲಿ ಹೊಸದೇನೂ ಮೂಡಿರಲಿಲ್ಲ. ಅದೊಂದನ್ನು ಅವರು ಇನ್ನೂ ತೆಗೆಸಿಲ್ಲ. ಯಾರಾದರೂ ಕೇಳಿದರೆ "ನಮ್ಮ ದಾಕ್ಷಿ ಬೈದಿದ್ದು" ಎನ್ನುತ್ತಾರೆ.

ಶಿವಗಂಗಮ್ಮನೂ ತನ್ನದನ್ನು ತೆಗೆಸಲಿಲ್ಲ. ಮದುವೆಗೆ ಮುಂಚೆ ಕಿವಿ ಖಾಲಿ ಮಾಡಿಕೊಳ್ಳಬೇಕೆಂದು ಹಿರಿಯರು ಹೇಳಿ ನೋಡಿದರು. ಅವಳು ಕೇಳಲಿಲ್ಲ. ಈಗ ಅದು ಇಳಿದು ಐವತ್ತನಾಲ್ಕಾಗಿದೆ. ಶನಿವಾರ ಒಂದು ಗಂಟೆಗೆ ಮುಂಚೆ ಅವಳು ಕಚೇರಿಗೆ ಬಂದು ನನ್ನ ಪಕ್ಕ ಕೂರುತ್ತಾಳೆ. ನಾನು ಎರಡು ಸಲ ಒತ್ತಿ ಕೆಳಗೆ ಕರೆದೊಯ್ಯುತ್ತೇನೆ. ಊಟಕ್ಕಲ್ಲ ಎಂಬುದನ್ನು ಗಟ್ಟಿಯಾಗಿ ಓದುತ್ತೇನೆ. ಅವಳು ಪ್ರತಿ ಸಲವೂ ಮೊದಲ ಸಲದಂತೆ ನಗುತ್ತಾಳೆ. ನಗು ಮುಗಿದ ಮೇಲೆ ಟಿಪ್ಪಣಿಯ ತಲೆಯ ಮೇಲೆ ಎರಡು ಸಲ ಒತ್ತಿದರೆ, ಒಂದು ಸಾಲೂ ಹೆಚ್ಚುಕಮ್ಮಿಯಿಲ್ಲದೆ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ: ನಾಳೆ ಬರ್ತೀನಿ.

"ಬಾ ಬಾ," ಎನ್ನುತ್ತಾಳೆ ಶಿವಗಂಗಮ್ಮ ಪರದೆಗೆ, ಸೆರಗು ಸಿಕ್ಕಿಸಿಕೊಂಡು ಏಳುತ್ತ. "ಹಸ್ಕೊಂಡು ಬಾ."